ತಾಯಂದಿರ ಆರೈಕೆಯ ಲೆಕ್ಕ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಶುಭದಿನದಲ್ಲಿ ನಾವೆಲ್ಲರೂ ತಾಯಿ ಭುವನೇಶ್ವರಿಯನ್ನು ಸ್ಮರಿಸುವುದು ವಾಡಿಕೆ. ಆ ತಾಯಿಗೆ ನಮಸ್ಕರಿಸಿ, ನಮ್ಮ ನಿಮ್ಮ ಮನೆಗಳಲ್ಲಿ ಬಸುರಿಯರಾಗಿ, ಬಾಣಂತಿಯರಾಗಿ ಇರುವ ಸಾಮಾನ್ಯ ತಾಯಂದಿರ ವಿಷಯವಾಗಿ ಎರಡು ಮಾತನಾಡಬೇಕೆಂದು ಬಂದಿದ್ದೇವೆ. ನಾವು ವೈದ್ಯರಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರು. ಲೆಕ್ಕ ಬರೆಯುವವನಿಗೂ ಹೆರಿಗೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧ ನಮ್ಮ ಮನೆಯಲ್ಲಿಯೇ ಏರ್ಪಟ್ಟಿತು, ಅಲ್ಲಿಂದಲೇ ಆರಂಭಿಸುತ್ತೇವೆ.

೨೦೨೨ರಲ್ಲಿ ನಾವು ವಿಜಯವಾಡದಲ್ಲಿದ್ದೆವು. ನಮ್ಮ ಮನೆಯವರು ಚೊಚ್ಚಲ ಬಸುರಿ. ಮನೆಗೆ ಹತ್ತಿರವಿದ್ದ ಒಂದು ಚಿಕಿತ್ಸಾಲಯದಲ್ಲಿ ಹೆಸರು ಬರೆಸಿ, ಹೇಳಿದ ದಿನಗಳಲ್ಲಿ ತಪ್ಪದೆ ತೋರಿಸಿಕೊಂಡು ಬರುತ್ತಿದ್ದರು. ನಾವು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಿದ್ದೆವು. ಕಾರ್ಡಿನಲ್ಲಿ ನಾಲ್ಕು ಭೇಟಿಗೆ ನಾಲ್ಕು ಗುರುತು ಬಿದ್ದಾಗ ನಮಗೆ ಪರಮ ಸಂತೋಷವಾಯಿತು. ಎಂಟನೆಯ ತಿಂಗಳಲ್ಲಿ ವಿಶಾಖಪಟ್ಟಣಕ್ಕೆ ವರ್ಗದ ಆಜ್ಞೆ ಬಂದಿತು. ಸಾಮಾನು ಕಟ್ಟುವಾಗ ಕಾಗದಪತ್ರಗಳನ್ನು ಜೋಡಿಸುತ್ತ ಆ ಕಾರ್ಡನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆವು. ತೂಕದ ಕಲಮಿನಲ್ಲಿ ೫೬, ೫೭, ೫೯, ೬೦ ಎಂದಿದ್ದಿತು. ರಕ್ತದೊತ್ತಡದ ಕಲಮಿನಲ್ಲಿ ಮಾತ್ರ ೧೨೦/೮೦, ೧೨೦/೮೦, ೧೨೦/೮೦, ೧೨೦/೮೦.

ಬ್ಯಾಂಕಿನಲ್ಲಿ ನಾಲ್ಕು ದಿನದ ನಗದು ಶಿಲ್ಕು ಒಂದೇ ಅಂಕಿ ತೋರಿಸಿದರೆ ಯಾವ ಅಧಿಕಾರಿಯೂ ಸುಮ್ಮನಿರುವುದಿಲ್ಲ. ಮನೆಯವರನ್ನು ಕರೆದು, “ನಾಲ್ಕು ಸಲವೂ ಕೈಗೆ ಪಟ್ಟಿ ಕಟ್ಟಿ ನೋಡಿದರೇನು?” ಎಂದು ಕೇಳಿದೆವು. “ಮೊದಲನೇ ಸಲ ಒಂದೇ ರೀ. ಆಮೇಲೆ ಏನೋ ಕೇಳೋರು. ನನಗೆ ತೆಲುಗು ಪೂರ್ತಿ ತಿಳಿಯೋದಿಲ್ಲವಲ್ಲ, ತಲೆ ಅಲ್ಲಾಡಿಸಿ ಬರ್ತಿದ್ದೆ. ನೀವೂ ಒಂದು ದಿನ ಒಳಗೆ ಬರಲಿಲ್ಲ” ಎಂದರು. ಆ ಕೊನೆಯ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ಇಲ್ಲಿಗೆ ಬಂದು ಇಳಿದ ಮೂರನೆಯ ದಿನ ಇಲ್ಲಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿರಿಯ ನರ್ಸಮ್ಮನೊಬ್ಬರು ಹತ್ತು ನಿಮಿಷ ಸುಮ್ಮನೆ ಕೂರಿಸಿ, ಆಮೇಲೆ ಪಟ್ಟಿ ಕಟ್ಟಿ ನೋಡಿದರು. ೧೬೦/೧೦೪. ಇನ್ನೊಮ್ಮೆ ನೋಡಿದರು, ಹೆಚ್ಚೂಕಡಿಮೆ ಅಷ್ಟೇ. ೧೪೦/೯೦ ದಾಟಿದರೆ ಎಚ್ಚರ ವಹಿಸಬೇಕು; ಅಲಕ್ಷ್ಯ ಮಾಡಿದರೆ ಸೆಳವು ಬಂದು ತಾಯಿ ಮಗು ಇಬ್ಬರಿಗೂ ಅಪಾಯವೆಂದು ಅಂದು ತಿಳಿದುಕೊಂಡೆವು. ಅದೇ ದಿನ ಒಳರೋಗಿಯಾಗಿ ಸೇರಿಸಿಕೊಂಡರು. ದೇವರ ದಯೆಯಿಂದಲೂ ಆ ನರ್ಸಮ್ಮನ ಹತ್ತು ನಿಮಿಷದಿಂದಲೂ ಇಬ್ಬರೂ ಉಳಿದರು. ಆ ಮಗು ಈಗ ಈ ಸಭಾಂಗಣದಲ್ಲಿಯೇ ಎಲ್ಲೋ ಓಡಾಡುತ್ತಿದೆ.

ಮಹನೀಯರೆ, ಇದರಲ್ಲಿ ಗಮನಿಸಬೇಕಾದುದೊಂದಿದೆ. ನಾವು ವಿಜಯವಾಡವನ್ನು ಬಿಟ್ಟ ದಿನ ಸರ್ಕಾರಿ ಲೆಕ್ಕದಲ್ಲಿ ನಮ್ಮ ಮನೆಯವರು ‘ನಾಲ್ಕು ತಪಾಸಣೆ ಪೂರೈಸಿದ ಗರ್ಭಿಣಿ’. ಆ ಲೆಕ್ಕ ಸುಳ್ಳಲ್ಲ. ಅವರು ನಾಲ್ಕು ಸಲ ಹೋದದ್ದು ನಿಜ, ನಾಲ್ಕು ಸಲ ಬಂದದ್ದು ನಿಜ. ಆದರೆ ಹೋದದ್ದಕ್ಕೆ ಸಿಕ್ಕಬೇಕಾದ ಆರೈಕೆ ಸಿಕ್ಕಿತೇ ಎಂಬುದು ಬೇರೆ ಲೆಕ್ಕ. ಎಷ್ಟು ಜನ ತಾಯಂದಿರಿಗೆ ಸೇವೆ ಮುಟ್ಟಿತು ಎಂಬುದು ವ್ಯಾಪ್ತಿಯ ಲೆಕ್ಕ. ಮುಟ್ಟಿದ ಸೇವೆ ಎಂಥದು ಎಂಬುದು ಗುಣದ ಲೆಕ್ಕ. ಖಾತೆ ತೆರೆದವರ ಸಂಖ್ಯೆಯನ್ನೂ ಖಾತೆಯಲ್ಲಿರುವ ಹಣವನ್ನೂ ಒಂದೇ ಎಂದು ಭಾವಿಸುವ ಗುಮಾಸ್ತನಿಲ್ಲ. ಆದರೆ ತಾಯಂದಿರ ವಿಷಯದಲ್ಲಿ ನಾವು ನಿತ್ಯವೂ ಹಾಗೆಯೇ ಭಾವಿಸುತ್ತೇವೆ.

ಈ ಎರಡೂ ರಾಜ್ಯಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆಂಧ್ರಪ್ರದೇಶದಲ್ಲಿ ನೂರಕ್ಕೆ ೯೬.೫ ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದುವು. ನಮ್ಮ ಕರ್ನಾಟಕದಲ್ಲಿ ನೂರಕ್ಕೆ ೯೭. ವ್ಯಾಪ್ತಿಯಲ್ಲಿ ನಾವು ಕೂದಲೆಳೆಯಷ್ಟು ಮುಂದೆ. ಇನ್ನು ತಾಯಂದಿರ ಮರಣದ ಲೆಕ್ಕ. ಬಸುರಿನಲ್ಲಾಗಲಿ, ಅದು ಮುಗಿದ ೪೨ ದಿನಗಳೊಳಗಾಗಲಿ, ಆ ಕಾರಣದಿಂದ ತೀರಿಕೊಂಡ ತಾಯಂದಿರು ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ಮಂದಿ ಎಂದು ಎಣಿಸುವುದುಂಟು. ೨೦೧೮–೨೦ರ ಮಾದರಿ ನೋಂದಣಿ ವರದಿಯಲ್ಲಿ ಭಾರತಕ್ಕೆ ೯೭, ಕೇರಳಕ್ಕೆ ೧೯, ಆಂಧ್ರಪ್ರದೇಶಕ್ಕೆ ೪೫, ಕರ್ನಾಟಕಕ್ಕೆ ೬೯. ಮಾದರಿಯಿಂದ ತೆಗೆದ ಅಂಕಿಗಳಾದುದರಿಂದ ತುಸು ಹೆಚ್ಚುಕಡಿಮೆ ಇರಬಹುದು. ಆದರೂ ಆಸ್ಪತ್ರೆಗೆ ಬಂದವರ ಪ್ರಮಾಣ ಸರಿಸುಮಾರು ಒಂದೇ ಆಗಿರುವಾಗ, ತೀರಿಕೊಂಡವರ ಪ್ರಮಾಣ ಒಂದೂವರೆ ಪಟ್ಟು ಏಕಾಯಿತು? ರಾಜ್ಯೋತ್ಸವದ ದಿನ ಹೆಮ್ಮೆಪಡಲು ನಮಗೆ ಬಹಳ ಸಂಗತಿಗಳಿವೆ. ಇದೊಂದು ಆ ಪಟ್ಟಿಗೆ ಸೇರದು. ಆಸ್ಪತ್ರೆಯ ಬಾಗಿಲವರೆಗೆ ತಾಯಿಯನ್ನು ತಂದರೆ ಅರ್ಧ ಕೆಲಸವೇ ಆದಂತೆ. ಉಳಿದರ್ಧ ಬಾಗಿಲ ಒಳಗಿದೆ.

ಹಾಗೆಂದು ವ್ಯಾಪ್ತಿಯ ಕೆಲಸ ಮುಗಿಯಿತೆಂದು ತಿಳಿಯಬಾರದು. ನಮ್ಮ ಈ ಊರಿನಲ್ಲಿ ೧೯೨೩ರಷ್ಟು ಹಳೆಯ ಕಿಂಗ್ ಜಾರ್ಜ್ ಆಸ್ಪತ್ರೆಯಿದೆ; ಘೋಷಾ ಆಸ್ಪತ್ರೆಯೆಂದೇ ಜನ ಕರೆಯುವ ವಿಕ್ಟೋರಿಯಾ ಹೆಂಗಸರ ಆಸ್ಪತ್ರೆಯಿದೆ. ಆದರೆ ಇಲ್ಲಿಂದ ಪಾಡೇರಿನ ಕಡೆ ಬೆಟ್ಟ ಹತ್ತಿದರೆ, ರಸ್ತೆಯಿಲ್ಲದ ಹಾಡಿಗಳಿಂದ ಹೆರಿಗೆ ಬೇನೆ ತಿನ್ನುತ್ತಿರುವ ಹೆಣ್ಣುಮಗಳನ್ನು ಕಂಬಕ್ಕೆ ಬಟ್ಟೆ ಕಟ್ಟಿದ ಡೋಲಿಯಲ್ಲಿ ಹೊತ್ತು ತರುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿಯೇ ಇದ್ದೇವೆ. ನೂರಕ್ಕೆ ೯೬.೫ ಎಂಬಲ್ಲಿ ಬಿಟ್ಟುಹೋದ ಮೂರೂವರೆಯಲ್ಲಿ ಇಂಥವರಿರುತ್ತಾರೆ. ಸರಾಸರಿ ಎಂಬುದು ಬೆಟ್ಟವನ್ನೂ ಬಯಲನ್ನೂ ಕೂಡಿಸಿ ಸಮ ಮಾಡಿ ತೋರಿಸುತ್ತದೆ. ಆದುದರಿಂದ ವ್ಯಾಪ್ತಿಯನ್ನು ಅಳೆಯುವಾಗ ‘ಎಷ್ಟು ಮಂದಿ’ ಎಂದು ಕೇಳಿದರೆ ಸಾಲದು, ‘ಬಿಟ್ಟುಹೋದವರು ಯಾರು’ ಎಂದೂ ಕೇಳಬೇಕು.

ಬಿಟ್ಟುಹೋಗುವವರಲ್ಲಿ ನಮ್ಮವರೂ ಸೇರಬಹುದು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮ ಪದ್ಧತಿ. ಸೀಮಂತ ಮುಗಿಸಿಕೊಂಡು ಈ ಊರಿನ ಹೆಣ್ಣುಮಗಳು ಹಾಸನಕ್ಕೋ ಕುಂದಾಪುರಕ್ಕೋ ಬಾಣಂತನಕ್ಕೆ ಹೊರಡುತ್ತಾಳೆ. ಇಲ್ಲಿ ಎರಡು ತಪಾಸಣೆ, ಅಲ್ಲಿ ಎರಡು ತಪಾಸಣೆ. ಇಲ್ಲಿನ ಕಾರ್ಡು ತೆಲುಗಿನದು, ಅಲ್ಲಿನ ತಾಯಿ ಕಾರ್ಡು ಕನ್ನಡದ್ದು. ಎರಡು ಲಿಪಿಗಳೂ ಅಕ್ಕತಂಗಿಯರೇ ಆದರೂ, ಎರಡು ಕಾರ್ಡುಗಳನ್ನು ಒಟ್ಟಿಗೆ ಇಟ್ಟು ಓದುವವರಿಲ್ಲದಿದ್ದರೆ ಆಕೆ ಇಲ್ಲಿ ‘ಮಧ್ಯೆ ಬಿಟ್ಟವಳು’, ಅಲ್ಲಿ ‘ತಡವಾಗಿ ಬಂದವಳು’. ಲೆಕ್ಕ ತಪ್ಪುವುದು ಹಾಗಿರಲಿ, ಐದನೆಯ ತಿಂಗಳಲ್ಲಿ ಇಲ್ಲಿ ಕಂಡ ರಕ್ತಹೀನತೆ ಎಂಟನೆಯ ತಿಂಗಳಲ್ಲಿ ಅಲ್ಲಿನ ವೈದ್ಯರಿಗೆ ತಿಳಿಯದೆ ಹೋಗುವುದು ದೊಡ್ಡ ನಷ್ಟ.

ಇನ್ನು ಗುಣವನ್ನು ಅಳೆಯುವ ಬಗೆ ಹೇಗೆ? ೧೯೬೬ರಲ್ಲಿ ಅವೆಡಿಸ್ ಡೊನಬೀಡಿಯನ್ ಎಂಬ ವೈದ್ಯರು ಇದನ್ನು ಮೂರು ಭಾಗ ಮಾಡಿ ತೋರಿಸಿದರು. ಏನೇನಿದೆ ಎಂಬುದು ಮೊದಲನೆಯದು: ಹಾಸಿಗೆ, ಔಷಧಿ, ರಕ್ತ, ನರ್ಸು. ಏನು ಮಾಡಿದರು ಎಂಬುದು ಎರಡನೆಯದು. ಫಲವೇನಾಯಿತು ಎಂಬುದು ಮೂರನೆಯದು. ನಮ್ಮ ಕಾರ್ಡಿನ ಕಥೆಯಲ್ಲಿ ಮೊದಲನೆಯದು ಇದ್ದಿತು, ಬಿ.ಪಿ. ಯಂತ್ರ ಮೇಜಿನ ಮೇಲೆಯೇ ಇದ್ದಿತಂತೆ. ಎರಡನೆಯದು ನಡೆಯಲಿಲ್ಲ. ಮೂರನೆಯದನ್ನು ಇನ್ನೊಂದು ಊರಿನವರು ಉಳಿಸಿಕೊಟ್ಟರು.

ನಮ್ಮ ದೇಶದಲ್ಲಿ ೨೦೧೭ರ ಕೊನೆಗೆ ‘ಲಕ್ಷ್ಯ’ ಎಂಬ ಕಾರ್ಯಕ್ರಮ ಆರಂಭವಾಯಿತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಯನ್ನೂ ಹೆರಿಗೆಯ ಶಸ್ತ್ರಚಿಕಿತ್ಸಾ ಕೊಠಡಿಯನ್ನೂ ಪಟ್ಟಿ ಹಿಡಿದು ಪರೀಕ್ಷಿಸಿ ಅಂಕ ಕೊಡುತ್ತಾರೆ. ನೂರಕ್ಕೆ ೭೦ ಬಂದರೆ ಪ್ರಮಾಣಪತ್ರ. ಬ್ಯಾಂಕಿಗೆ ಆಡಿಟ್ ಇದ್ದಂತೆ ಹೆರಿಗೆ ಕೊಠಡಿಗೂ ಆಡಿಟ್ ಬಂದುದು ಒಳ್ಳೆಯದೇ. ಕುಟುಂಬ ಆರೋಗ್ಯ ಸಮೀಕ್ಷೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೂಕ ನೋಡಿದರೇ, ರಕ್ತದೊತ್ತಡ ನೋಡಿದರೇ, ಮೂತ್ರ ಮತ್ತು ರಕ್ತ ಪರೀಕ್ಷಿಸಿದರೇ ಎಂದು ತಾಯಂದಿರನ್ನೇ ಕೇಳುತ್ತಾರೆ. ಆಸ್ಪತ್ರೆಯ ಪುಸ್ತಕ ತಪ್ಪಿದರೂ ತಾಯಿಯ ನೆನಪು ತಿದ್ದಬಲ್ಲದು.

ಅಳತೆಯಿಂದ ಜೀವ ಉಳಿಯುವುದೆಂದರೆ ಕೆಲವರಿಗೆ ಉತ್ಪ್ರೇಕ್ಷೆ ಎನಿಸೀತು. ಹೆರಿಗೆಯಾದ ಮೇಲೆ ರಕ್ತಸ್ರಾವ ಎಷ್ಟಾಯಿತೆಂದು ಕಣ್ಣಂದಾಜಿನಲ್ಲಿ ಹೇಳುವುದೇ ಎಲ್ಲೆಡೆ ರೂಢಿ. ಆಫ್ರಿಕದ ಕೀನ್ಯ, ನೈಜೀರಿಯ, ತಾಂಜಾನಿಯ, ದಕ್ಷಿಣ ಆಫ್ರಿಕ ದೇಶಗಳ ೮೦ ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಆಸ್ಪತ್ರೆಗಳಲ್ಲಿ ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲ ಹಾಸಿ, ರಕ್ತ ಗೆರೆ ದಾಟಿದ ಕೂಡಲೆ ಎಲ್ಲ ಚಿಕಿತ್ಸೆಗಳನ್ನೂ ಒಟ್ಟಿಗೆ ಆರಂಭಿಸಿದರು. ೨೦೨೩ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಣ್ಣಂದಾಜಿನವರು ರಕ್ತಸ್ರಾವದ ಅರ್ಧ ಪ್ರಕರಣಗಳನ್ನಷ್ಟೇ ಗುರುತಿಸಿದ್ದರು. ಅಳೆದವರು ನೂರಕ್ಕೆ ೯೩ನ್ನು ಗುರುತಿಸಿದ್ದರು. ಅಳೆದ ಆಸ್ಪತ್ರೆಗಳಲ್ಲಿ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ನೂರಕ್ಕೆ ೬೦ರಷ್ಟು ಕಡಿಮೆಯಾದುವು.

ಆರೈಕೆ ಕಡಿಮೆಯಾಗುವುದು ಒಂದು ದೋಷವಾದರೆ, ಅಗತ್ಯವಿಲ್ಲದೆ ಹೆಚ್ಚಾಗುವುದು ಇನ್ನೊಂದು. ಅದೇ ಸಮೀಕ್ಷೆಯಲ್ಲಿ ಆಂಧ್ರಪ್ರದೇಶದ ಹೆರಿಗೆಗಳಲ್ಲಿ ನೂರಕ್ಕೆ ೪೨.೪ ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ ೬೩. ಕರ್ನಾಟಕದಲ್ಲಿ ಒಟ್ಟು ೩೧.೫. ಬೇಕಾದ ತಾಯಿಗೆ ಈ ಶಸ್ತ್ರಚಿಕಿತ್ಸೆ ಸಂಜೀವಿನಿ. ಆದರೆ ಇಷ್ಟು ಮಂದಿಗೆ ಬೇಕಿತ್ತೇ ಎಂದು ಕೇಳುವ ಹಕ್ಕು ಮನೆಯವರಿಗಿದೆ.

ಕೊನೆಯ ಅಳತೆ, ನೋವಿನ ಅಳತೆ: ತಾಯಿ ತೀರಿಕೊಂಡ ಮೇಲೆ ಏಕೆಂದು ಕೇಳುವುದು. ಕೇರಳದ ಪ್ರಸೂತಿ ವೈದ್ಯರು ೨೦೦೪ರಿಂದ ಪ್ರತಿ ಮರಣವನ್ನೂ, ಹೆಸರು ಬಯಲು ಮಾಡದೆ, ಯಾರ ಮೇಲೂ ತಪ್ಪು ಹೊರಿಸದೆ, ಪಾಠ ಕಲಿಯುವುದಕ್ಕಾಗಿ ಪರಿಶೀಲಿಸುತ್ತ ಬಂದಿದ್ದಾರೆ. ನಮ್ಮ ನಾಡಿನಲ್ಲಿ ೨೦೨೪ರ ನವೆಂಬರಿನಲ್ಲಿ, ನಾವಿಲ್ಲಿ ರಾಜ್ಯೋತ್ಸವ ಆಚರಿಸುತ್ತಿದ್ದ ತಿಂಗಳಲ್ಲಿಯೇ, ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಹನಿಸುವ ದ್ರಾವಣದ ಮೇಲೆ ಸಂಶಯ ಬಿದ್ದಿತು. ಅವರೆಲ್ಲ ಆಸ್ಪತ್ರೆಗೆ ಬಂದವರೇ. ವ್ಯಾಪ್ತಿಯ ಲೆಕ್ಕದಲ್ಲಿ ಪೂರ್ಣ ಅಂಕ ಪಡೆದವರೇ. ಆಮೇಲೆ ಸರ್ಕಾರ ೨೦೨೪ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ೪೬೪ ತಾಯಂದಿರ ಮರಣಗಳನ್ನು ಪರಿಶೀಲಿಸಿತು. ನೂರಕ್ಕೆ ೭೦ಕ್ಕೂ ಹೆಚ್ಚು ತಪ್ಪಿಸಬಹುದಾಗಿದ್ದವು ಎಂಬುದು ಅದರ ನಿರ್ಣಯ. ಆ ವಾಕ್ಯವನ್ನು ಓದಿದ ದಿನ ನಮಗೆ ನಮ್ಮ ಮನೆಯ ಕಾರ್ಡು ನೆನಪಾಯಿತು.

ಮಹನೀಯರೆ, ಸರ್ಕಾರದ ಕೆಲಸವನ್ನು ಸರ್ಕಾರವೇ ಮಾಡಬೇಕು. ನಮ್ಮ ಸಂಘದಿಂದಾಗುವ ಸಣ್ಣ ಕೆಲಸವೂ ಒಂದುಂಟು. ನಮ್ಮ ಸದಸ್ಯರ ಮನೆಗಳಲ್ಲಿ ಯಾರಾದರೂ ಬಸುರಿಯಾದರೆ ಮಹಿಳಾ ವಿಭಾಗದವರಿಗೆ ತಿಳಿಸೋಣ. ತೆಲುಗು ಬಲ್ಲ ಅಕ್ಕನೋ ಅತ್ತಿಗೆಯೋ ಒಬ್ಬರು ಜೊತೆಗೆ ಹೋಗಲಿ. ಪ್ರತಿ ಸಲ ಹೊರಗೆ ಬಂದಾಗ ಐದೇ ಪ್ರಶ್ನೆ ಕೇಳಲಿ: ಕೈಗೆ ಪಟ್ಟಿ ಕಟ್ಟಿ ನೋಡಿದರೇ? ತೂಕ ನೋಡಿದರೇ? ರಕ್ತದ ಮತ್ತು ಮೂತ್ರದ ಫಲಿತಾಂಶವನ್ನು ತಿಳಿಯುವ ಭಾಷೆಯಲ್ಲಿ ಹೇಳಿದರೇ? ಕಬ್ಬಿಣಾಂಶದ ಮಾತ್ರೆ ಕೈಗೆ ಬಂದಿತೇ, ಹೊಟ್ಟೆಗೂ ಹೋಯಿತೇ? ಯಾವ ಲಕ್ಷಣ ಕಂಡರೆ ಓಡಿ ಬರಬೇಕೆಂದು ಹೇಳಿದರೇ? ಉತ್ತರಗಳನ್ನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ತವರಿಗೆ ಹೊರಡುವವರ ಕೈಯಲ್ಲಿ ತೆಲುಗು ಕಾರ್ಡಿನ ಜೊತೆಗೆ ಒಂದು ಪುಟದ ಕನ್ನಡ ಬರಹವನ್ನೂ ಕೊಟ್ಟು ಕಳಿಸೋಣ. ಆ ನೋಟ್‌ಬುಕ್ಕನ್ನು ಇಡುವ ಕೆಲಸವನ್ನು, ಅಧ್ಯಕ್ಷರು ಒಪ್ಪಿದರೆ, ನಮ್ಮ ಮನೆಯವರು ವಹಿಸಿಕೊಳ್ಳುವುದಾಗಿ ಹೇಳಿದ್ದಾರೆ. ಲೆಕ್ಕ ತಾಳೆ ನೋಡುವುದು ನಮ್ಮ ಪಾಲಿಗೆ ಬಂದಿದೆ.

ಇನ್ನೊಂದು ಮಾತು ಗಂಡಸರಿಗೆ: ಹೊರಗಿನ ಬೆಂಚಿನ ಮೇಲೆ ಕುಳಿತರೆ ಸಾಲದು. ಒಳಗೆ ಬಿಟ್ಟರೆ ಒಳಗೆ ಹೋಗಬೇಕು. ಬಿಡದಿದ್ದರೆ ಹೊರಗೆ ಬಂದ ಕೂಡಲೆ ಕಾರ್ಡನ್ನು ಬಿಚ್ಚಿ ನೋಡಬೇಕು. ನಾವು ನಾಲ್ಕನೆಯ ಸಲದ ತನಕ ನೋಡಲಿಲ್ಲ.