ಸರ್ವೆಗೆ ಬಂದಿದ್ದೀರಾ ಸಾರ್?

ಐದು ನಿಮಿಷದ ಹಿಂದೆ ಚೀಲದಿಂದ ಈ ಕ್ಯಾಮೆರಾ ತೆಗೆದು ಮೇಜಿನ ಮೇಲೆ ಇಟ್ಟೆನಲ್ಲ, ಆಗ ಮುಂದಿನ ಸಾಲಿನಲ್ಲಿ ಒಬ್ಬರು ಸೆರಗು ಸರಿಮಾಡಿಕೊಂಡರು. ಇನ್ನೊಬ್ಬರು ಬೆರಳಲ್ಲೇ ಕ್ರಾಪು ತೀಡಿದರು. ನಮ್ಮ ಕಾರ್ಯದರ್ಶಿಗಳು ಹತ್ತಿರ ಬಂದು ಕಿವಿಯಲ್ಲಿ, "ಎಷ್ಟಾಯ್ತು ಸಾರ್ ಇದಕ್ಕೆ?" ಅಂದರು. ಅಲ್ಲಿಗೆ ನನ್ನ ಉಪನ್ಯಾಸ ಅರ್ಧ ಮುಗಿದ ಹಾಗೆ.

ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಭಾನುವಾರ ಬಂತೆಂದರೆ ಈ ಎರಡು ಕಿಲೋ ಲೆನ್ಸು, ಒಂದು ಕಿಲೋ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಹೊತ್ತು ಕೆರೆ ಏರಿ ಹತ್ತುವ ಚಟ. ತೆಗೆದ ಹಕ್ಕಿ ಚಿತ್ರಗಳನ್ನು ಇವತ್ತು ತೋರಿಸುವುದಿಲ್ಲ. ಚಿತ್ರ ತೆಗೆಯುವಾಗ ಪಕ್ಕದಲ್ಲಿ ಬಂದು ನಿಂತವರು ಏನಂದರು ಅನ್ನುವುದೇ ನನ್ನ ವಿಷಯ. ಹಕ್ಕಿಗಳು ಎಲ್ಲ ಜಿಲ್ಲೆಯಲ್ಲೂ ಇವೆ. ಆ ಮಾತುಗಳು ಮಾತ್ರ ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವೇ.

ಎಲ್ಲ ಕಡೆ ಮೊದಲು ಬರುವ ಪ್ರಶ್ನೆಗಳು ನಿಮಗೂ ಗೊತ್ತು. "ಯಾವ ಚಾನೆಲ್ಲು?" "ಪಿಚ್ಚರ್ ಶೂಟಿಂಗಾ?" ಕೆಜಿಎಫ್ ಸಿನಿಮಾ ಬಂದ ಮೇಲೆ ಎರಡನೆಯದು ಜಾಸ್ತಿಯಾಯಿತು. "ಯಶ್ ಯಾವಾಗ ಬರ್ತಾರೆ?" ಎಂದು ಹುಡುಗರು ಗಂಟೆಗಟ್ಟಲೆ ನನ್ನ ಹಿಂದೆ ಕಾದದ್ದೂ ಉಂಟು. ಮೂರನೆಯದು ರೇಟು. ಮುಳಬಾಗಿಲು ಗಡಿಯ ಕಡೆ ಹೋದರೆ ಅದೇ ಪ್ರಶ್ನೆ ತೆಲುಗಿನಲ್ಲಿ: "ದೀನಿ ರೇಟೆಂತ ಸ್ವಾಮಿ?" ಮೊದಮೊದಲು ಸುಳ್ಳು ಹೇಳುತ್ತಿದ್ದೆ, ಮೂವತ್ತು ಸಾವಿರ ಅಂತ. ಒಂದು ದಿನ ನಿಜ ಹೇಳಿಬಿಟ್ಟೆ. ಕೇಳಿದಾತ ಬೆರಗಾಗಲಿಲ್ಲ. ಮನಸ್ಸಲ್ಲೇ ಲೆಕ್ಕ ಹಾಕಿ, "ಎರಡು ಸೀಮೆಹಸು ಬಂದಿರೋವು. ಹೊತ್ತಿಗೆ ಹನ್ನೆರಡು ಲೀಟರು ಡೈರಿಗೆ ಹಾಕಬೋದಿತ್ತು" ಅಂದ. ಇನ್ನೊಬ್ಬ ಅದೇ ದುಡ್ಡನ್ನು ಬೋರ್‌ವೆಲ್ ಅಡಿಗಳಲ್ಲಿ ಹೇಳಿದ. ಸಾವಿರ ಅಡಿ ದಾಟಿದರೂ ನೀರಿಗೆ ಖಾತರಿಯಿಲ್ಲದ ಊರಿನಲ್ಲಿ ದುಡ್ಡನ್ನು ಅಳೆಯುವ ಸೇರು ಅದೇ ತಾನೇ.

ಇವೆಲ್ಲ ಕ್ಯಾಮೆರಾ ಹೆಗಲಲ್ಲಿದ್ದಾಗಿನ ಮಾತು. ಸ್ಟ್ಯಾಂಡಿನ ಮೂರು ಕಾಲು ಬಿಚ್ಚಿ ನೆಲಕ್ಕೆ ಊರಿದೆನೋ, ಪ್ರಶ್ನೆ ಬದಲಾಗಿಬಿಡುತ್ತದೆ: "ಸರ್ವೆಗೆ ಬಂದಿದ್ದೀರಾ ಸಾರ್?"

ಮಾಲೂರು ತಾಲ್ಲೂಕಿನಲ್ಲಿ ಇದನ್ನು ನಾನು ಕೇಳಿಸಿಕೊಂಡಷ್ಟು ಇನ್ನೆಲ್ಲೂ ಕೇಳಿಸಿಕೊಂಡಿಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ರಸ್ತೆ ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಕೆಜಿಎಫ್ ಹಾದು ಆಂಧ್ರಕ್ಕೆ ಹೋಗುತ್ತದೆ. ಆ ರಸ್ತೆ ಬರುವ ಮೊದಲು ಹೊಲಗಳಿಗೆ ಬಂದದ್ದು ಮೂರು ಕಾಲಿನ ಯಂತ್ರ. ಒಬ್ಬ ಒಂದು ಕಣ್ಣು ಮುಚ್ಚಿಕೊಂಡು ಅದರಲ್ಲಿ ನೋಡುತ್ತಾನೆ, ಇನ್ನೊಬ್ಬ ದೂರದಲ್ಲಿ ಕೋಲು ಹಿಡಿದು ನಿಲ್ಲುತ್ತಾನೆ, ಆಮೇಲೆ ಬದುವಿನ ಮೇಲೆ ಕಲ್ಲು ಬೀಳುತ್ತದೆ. ನಾನೂ ಒಂದು ಕಣ್ಣು ಮುಚ್ಚಿಕೊಂಡೇ ನೋಡುವವನು. ರೋಜಾ ತೋಟದ ಬೇಲಿಯಲ್ಲಿ ಕಳ್ಳಿಪೀರ ಕೂತಿದೆ ಎಂದು ನಾನು ಲೆನ್ಸು ತಿರುಗಿಸಿದರೆ, ತೋಟದ ಯಜಮಾನ ಓಡಿಬಂದು ಕೇಳಿದ್ದು, "ಎಷ್ಟು ಗುಂಟೆ ಹೋಗ್ತದೆ?" ಹಕ್ಕಿ ತೋರಿಸಿದೆ. ಅವನು ಹಕ್ಕಿ ನೋಡಲಿಲ್ಲ, ನನ್ನ ಹಿಂದೆ ಕೋಲು ಹಿಡಿದವನು ಎಲ್ಲಿದ್ದಾನೆ ಎಂದು ಹುಡುಕಿದ.

ಅದೇ ತಾಲ್ಲೂಕಿನ ಇಟ್ಟಿಗೆ ಗೂಡುಗಳ ಹತ್ತಿರ ಸ್ಟ್ಯಾಂಡು ಊರಿದರೆ ಬೈಕು ಬರಲು ಹತ್ತು ನಿಮಿಷ ಬೇಕಿಲ್ಲ. ಜಗಳವೇನಿಲ್ಲ, ಟೀ ತರಿಸುತ್ತಾರೆ, ಕುರ್ಚಿ ಹಾಕಿಸುತ್ತಾರೆ, ಬಲು ಮರ್ಯಾದೆಯಿಂದ "ಯಾರು ಕಳಿಸಿದ್ದು ಅಣ್ಣ ನಿಮ್ಮನ್ನ?" ಅನ್ನುತ್ತಾರೆ. "ಯಾರೂ ಕಳಿಸಿಲ್ಲ" ಎನ್ನುವ ಉತ್ತರದಷ್ಟು ಅನುಮಾನ ಹುಟ್ಟಿಸುವ ಉತ್ತರ ಇನ್ನೊಂದಿಲ್ಲ ಎಂದು ಅಲ್ಲಿ ಕಲಿತೆ. ಟೇಕಲ್ ಕಡೆ ಕಲ್ಲು ಒಡೆಯುವ ಬಂಡೆಗಳ ಬಳಿ ಟೀ ಕೂಡ ಸಿಗುವುದಿಲ್ಲ.

ಈ ಅನುಮಾನವನ್ನು ಹಳ್ಳಿಯವರ ಮೂಢತನ ಎಂದು ನಗುವ ಫೋಟೋಗ್ರಾಫರ್ ಗೆಳೆಯರು ನನಗಿದ್ದಾರೆ. ನನಗೆ ಹಾಗೆ ನಗಲು ಆಗುವುದಿಲ್ಲ. ನಮ್ಮ ಸೀಮೆಯ ಚರಿತ್ರೆ ಗೊತ್ತಿದ್ದವರು ನಗುವುದಿಲ್ಲ. 1802ರಲ್ಲಿ ಜಾನ್ ವಾರನ್ ಎಂಬ ಲೆಫ್ಟಿನೆಂಟ್ ಮೈಸೂರು ಸಂಸ್ಥಾನದ ಪೂರ್ವ ಗಡಿ ಅಳೆಯಲು ಇಲ್ಲಿಗೆ ಬಂದ. ಟಿಪ್ಪು ಸತ್ತು ಮೂರೇ ವರ್ಷವಾಗಿತ್ತು. ಅಳೆಯುತ್ತಾ ಅಳೆಯುತ್ತಾ ಈ ಮಣ್ಣಿನಲ್ಲಿ ಚಿನ್ನ ಇದೆಯೆಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದ. ಉರಿಗಾಂ ಕಡೆಯ ಜನ ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು, ಅವನ ಕಣ್ಣೆದುರೇ ತೊಳೆದು, ಚಿನ್ನದ ಪುಡಿ ತೋರಿಸಿದರು. ಅವನು ಬರೆದಿಟ್ಟ ವರದಿ ಓದಿ ಸುಮಾರು ಎಪ್ಪತ್ತು ವರ್ಷದ ಮೇಲೆ ಲ್ಯಾವೆಲ್ ಎಂಬಾತ ಚಿನ್ನ ಹುಡುಕಿಕೊಂಡು ಬಂದ, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು. ನೆಲವನ್ನು ಮೂರು ಕಿಲೋಮೀಟರಿಗೂ ಆಳ ಬಗೆದರು, 2001ರ ಫೆಬ್ರವರಿ 28ಕ್ಕೆ ಗಣಿ ಬಾಗಿಲು ಹಾಕಿತು. ಗಾಡಿಯಲ್ಲಿ ಮಣ್ಣು ತಂದವರಿಗೆ ಎಷ್ಟು ಉಳಿಯಿತು ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಅದೇ ವಾರನ್ ಮುಂದೆ ದೇಶ ಅಳೆಯಲು ಹೊರಟ ಲ್ಯಾಂಬ್ಟನ್ ಎಂಬಾತನ ಮಹಾ ಸರ್ವೆಯಲ್ಲಿ ಸಹಾಯಕನಾದವನು. 1804ರಲ್ಲಿ ಬೆಂಗಳೂರಿನ ಹತ್ತಿರ ಆಧಾರರೇಖೆ ಅಳೆದವನು. ಲ್ಯಾಂಬ್ಟನ್‌ನ ದೊಡ್ಡ ಥಿಯೊಡೊಲೈಟು, ಅಂದರೆ ಕೋನ ಅಳೆಯುವ ದುರ್ಬೀನು, ಸುಮಾರು ಅರ್ಧ ಟನ್ ತೂಗುತ್ತಿತ್ತಂತೆ. ಅದರ ಮುಂದೆ ನನ್ನ ಲೆನ್ಸು ಕಡ್ಡಿಪೆಟ್ಟಿಗೆ. ಅಂಥ ದುರ್ಬೀನುಗಳಲ್ಲಿ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಗುಡ್ಡದ ಮೇಲೆ ನಿಂತ ದೊರೆಗಳು ಗೋಡೆಯಾಚೆಯ ಹೆಂಗಸರನ್ನು ತಲೆಕೆಳಗು ಮಾಡಿ ನೋಡುತ್ತಾರೆ ಎಂದು ಜನ ಸಿಟ್ಟಾಗುತ್ತಿದ್ದರು ಎಂಬ ಕಥೆ ಸರ್ವೆಯವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ದೊಡ್ಡ ಯಂತ್ರ ಕಂಡರೆ ಸೆರಗು ಎಳೆದುಕೊಳ್ಳುವುದು ಇವತ್ತು ನಿನ್ನೆಯದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಸರ್ವೆ ಅಲ್ಲ ಎಂದು ನಂಬಿಸಿದರೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. "ಹಂಗಾದ್ರೆ ಪಾಯಿಂಟ್ ನೋಡೋರಾ?" ಬೋರ್‌ವೆಲ್ ಪಾಯಿಂಟು. ತೆಂಗಿನಕಾಯಿ ಅಂಗೈ ಮೇಲಿಟ್ಟು ನೋಡುವವರೂ ಬರುತ್ತಾರೆ, ಡಬ್ಬಿ, ವಯರು, ಮೀಟರು ಹಿಡಿದು ಬರುವ ಜಿಯಾಲಜಿಸ್ಟರೂ ಬರುತ್ತಾರೆ. ನನ್ನದು ಈ ಎರಡನೇ ಜಾತಿ ಎಂದು ತಿಳಿದ ರೈತರೊಬ್ಬರು ತಮ್ಮ ಜಮೀನಿನ ನಾಲ್ಕು ಮೂಲೆಗೂ ನನ್ನನ್ನು ನಡೆಸಿಕೊಂಡು ಹೋದರು. ಮೂರು ಬೋರು ಫೇಲಾಗಿವೆ, ನಾಲ್ಕನೆಯದಕ್ಕೆ ಮಗಳ ಸರ ಅಡ ಇಟ್ಟಿದ್ದೇನೆ ಎಂದರು. ಇದು ಬರೀ ಕ್ಯಾಮೆರಾ ಎಂದು ಬಿಡಿಸಿ ಹೇಳಿದ ಮೇಲೂ, "ಆದ್ರೂ ಒಂದ್ಸಲ ಹಾಕಿ ನೋಡ್ರಿ ಸಾಮಿ" ಅಂದರು. ನೋಡಿದೆ. ನೋಡಿ ಏನು ಹೇಳಲಿ?

ಲಕ್ಷ್ಮೀಸಾಗರದ ಕೆರೆಯ ಮಾತನ್ನು ಸ್ವಲ್ಪ ಬಿಡುವಾಗಿ ಹೇಳುತ್ತೇನೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರು ಬಳಸಿ ಬಿಟ್ಟ, ಸಂಸ್ಕರಿಸಿದ ನೀರು, ನಮ್ಮ ಜಿಲ್ಲೆಯಲ್ಲಿ ಮೊದಲು ಇಳಿದದ್ದು ಆ ಕೆರೆಗೆ. ಜುಲೈನಲ್ಲಿ ನೊರೆ ಕಾಣಿಸಿತು. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ನೀರು ಮತ್ತೆ ಹರಿಯಿತು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ನಾನು ಏರಿಯ ಮೇಲೆ ಸ್ಟ್ಯಾಂಡು ಹಾಕಿದ್ದೆ. ನನಗೆ ಬೇಕಾದದ್ದು ಒಂದು ನೀರುಕಾಗೆ. ಒಣಗಿದ ಜಾಲಿಯ ಕೊಂಬೆಯಲ್ಲಿ ಕೂತು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿತ್ತು. ಇಪ್ಪತ್ತು ವರ್ಷ ಜಾಲಿ ಬೆಳೆದ ಕೆರೆಯಂಗಳದಲ್ಲಿ ನೀರು, ನೀರಿನಲ್ಲಿ ಮುಳುಗಿದ ಜಾಲಿ, ಜಾಲಿಯ ಮೇಲೆ ಹಕ್ಕಿ.

ಎಡಗಡೆಯಿಂದ ಒಬ್ಬರು ಬಂದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ಅಲ್ಲಿ ಕಾಲುವೆ ಬಾಯಲ್ಲಿ ನೊರೆ ಐತೆ, ಅದನ್ನ ತೆಗೀರಿ. ದೊಡ್ಡದಾಗಿ ತೆಗೀರಿ. ಬೆಂಗಳೂರೋರ ಕೊಚ್ಚೆ ನಮಗೆ ಯಾತಕ್ಕೆ, ಪೇಪರಲ್ಲಿ ಹಾಕ್ರಿ" ಅಂದರು. ನಾನು ಬಾಯಿ ತೆರೆಯುವುದರಲ್ಲಿ ಬಲಗಡೆಯಿಂದ ಇನ್ನೊಬ್ಬರು, ಅವರಿಗಿಂತ ಹತ್ತು ವರ್ಷ ದೊಡ್ಡವರು, ಎಮ್ಮೆ ಹಗ್ಗ ಕೈಯಲ್ಲಿ ಹಿಡಿದು ಬಂದು ಲೆನ್ಸಿನ ಮುಂದೆಯೇ ನಿಂತರು. "ನೊರೆ ಪಟ ತೆಗೆದು ಹಾಕಿದ್ರೆ ನೀರು ನಿಂತೋಗ್ತದೆ. ನನ್ನ ಬಾವಿ ತಳದಲ್ಲಿ ಈಗ ತಾನೇ ಪಸೆ ಆಡ್ತಾ ಅದೆ. ಹೋಗಯ್ಯ, ಬಂದ ದಾರಿ ಹಿಡಿ." ಅವರಿಬ್ಬರೂ ಆಮೇಲೆ ನನ್ನನ್ನು ಮರೆತರು. ಒಂದೂವರೆ ಗಂಟೆ ವಾದ ಮಾಡಿದರು. ಫ್ಲೋರೈಡು, ಸೊಪ್ಪು ತರಕಾರಿ, ಮೂರನೇ ಹಂತದ ಸಂಸ್ಕರಣೆ, ಶಾಶ್ವತ ನೀರಾವರಿ ಹೋರಾಟ, ಎಲ್ಲ ಬಂತು. ವಿಧಾನಸಭೆಯಲ್ಲಿ ಅಷ್ಟು ಚೆನ್ನಾಗಿ ಚರ್ಚೆ ಆದದ್ದನ್ನು ನಾನು ಕೇಳಿಲ್ಲ. ನೀರುಕಾಗೆ ಹಾರಿಹೋಯಿತು.

ನಾನು ಅಲ್ಲಿ ಮೊಬೈಲು ಹಿಡಿದು ನಿಂತಿದ್ದರೆ ಇಬ್ಬರೂ ನನ್ನತ್ತ ತಿರುಗಿ ನೋಡುತ್ತಿರಲಿಲ್ಲ. ಕಾಲುವೆಯ ಬಾಯಲ್ಲಿ ಹುಡುಗರು ನೊರೆಯ ವಿಡಿಯೋ ತೆಗೆದು ಆಗಲೇ ಊರೆಲ್ಲ ಹಂಚಿದ್ದರು. ಅವರನ್ನು ಯಾರೂ ತಡೆಯಲಿಲ್ಲ, ಯಾರೂ ಬೇಡಿಕೊಳ್ಳಲೂ ಇಲ್ಲ. ದೊಡ್ಡ ಕ್ಯಾಮೆರಾ ಬಚ್ಚಿಟ್ಟುಕೊಳ್ಳಲಾರದು, ಎತ್ತಿನ ಗಾಡಿಯ ಹಾಗೆ ದೂರದಿಂದಲೇ ಸದ್ದು ಮಾಡುತ್ತಾ ಬರುತ್ತದೆ. ಎದುರಿನವರಿಗೆ ಬೇಡ ಅನ್ನಲು, ಬಯ್ಯಲು, ತಲೆ ಬಾಚಿಕೊಳ್ಳಲು ಪುರಸೊತ್ತು ಸಿಗುತ್ತದೆ. ಜೇಬಿನಲ್ಲಿರುವುದು ಆ ಪುರಸೊತ್ತು ಕೊಡುವುದಿಲ್ಲ. ನಾವು ಮಾತ್ರ ದೊಡ್ಡದಕ್ಕೆ ಹೆದರಿ ಚಿಕ್ಕದನ್ನು ನಂಬಿ ಕೂತಿದ್ದೇವೆ.

ಮುಳಬಾಗಿಲು ಕಡೆಯ ಒಂದು ದೇವಸ್ಥಾನದಲ್ಲಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಕ್ಯಾಮೆರಾ ಒಳಗೆ ಬಿಡುವುದಿಲ್ಲ. ಒಪ್ಪಿದೆ, ಚೀಲ ಕೊಟ್ಟು ಒಳಗೆ ಹೋದರೆ ಮಂಗಳಾರತಿಯ ಹೊತ್ತಿಗೆ ಮೂವತ್ತು ಮೊಬೈಲು ಮೇಲೆದ್ದವು. ಅದರಲ್ಲಿ ಒಂದು, ನನ್ನನ್ನು ತಡೆದವರದ್ದೇ. ಇದಕ್ಕಿಂತ ನಮ್ಮ ಕೋಲಾರಮ್ಮನ ಗುಡಿ ವಾಸಿ. ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕ್ಯಾಮೆರಾ ತರಬಹುದು, ಸ್ಟ್ಯಾಂಡಿಗೆ ಮೊದಲೇ ಅನುಮತಿ ಬೇಕು ಎಂಬ ಒಂದು ನಿಯಮವಾದರೂ ಇದೆ. ಅಲ್ಲಿ ಅಮ್ಮನನ್ನು ನೇರ ನೋಡುವುದಿಲ್ಲ, ದೃಷ್ಟಿ ಉಗ್ರ ಎಂದು ಎದುರಿನ ಕನ್ನಡಿಯಲ್ಲಿ ನೋಡುತ್ತೇವೆ. ಈ ನನ್ನ ಹಳೆಯ ಕ್ಯಾಮೆರಾದೊಳಗೂ ಒಂದು ಕನ್ನಡಿ ಇದೆ, ನಾನು ನೋಡುವುದೆಲ್ಲ ಅದರಲ್ಲಿ ಬಿದ್ದ ಬಿಂಬವನ್ನೇ. ಈಗಿನವು ಕನ್ನಡಿ ಇಲ್ಲದ ಕ್ಯಾಮೆರಾಗಳು. ಮಗ ಒಂದು ಕೊಡಿಸುತ್ತೇನೆ ಅನ್ನುತ್ತಾನೆ. ಕೋಲಾರದವನು ಕನ್ನಡಿ ಬಿಟ್ಟು ನೋಡುವುದು ಸರಿಯಲ್ಲ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ.

ಹೆದರಿಕೆ ನನ್ನ ಕಡೆಗೂ ಇದೆ, ಅದನ್ನು ಮುಚ್ಚಿಡಬಾರದು. 2018ರಲ್ಲೇ, ಮಕ್ಕಳ ಕಳ್ಳರ ವಾಟ್ಸಾಪ್ ಸುದ್ದಿ ಹಬ್ಬಿದಾಗ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರನ್ನು ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬರನ್ನು. ಅವರ ಗುಂಪಿನವರು ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ನೆಪವಾಯಿತು. ನನ್ನ ಚೀಲದ ಒಂದು ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು ಇರುತ್ತಿತ್ತು. ಆ ಜುಲೈನಿಂದ ಇಲ್ಲ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಮಾತ್ರ ಕ್ಯಾಮೆರಾಗೆ ರಾಜಮರ್ಯಾದೆ. ಮೇ, ಜೂನ್‌ನಲ್ಲಿ ಹೋಗಿ ನೋಡಿ. ತೋತಾಪುರಿ ರಾಶಿಯ ಮೇಲೆ ಕೂತವರೇ ಕರೆಯುತ್ತಾರೆ: "ಇಲ್ಲಿ ಬಾ ಅಣ್ಣ, ರೇಟು ಬಿದ್ದೋಗಿರೋದು ಹಾಕು." 2025ರ ಜೂನ್‌ನಲ್ಲಿ ಚಿತ್ತೂರಿನವರು ನಮ್ಮ ತೋತಾಪುರಿ ಬೇಡವೆಂದು ಗಡಿಯಲ್ಲೇ ನಿಲ್ಲಿಸಿದಾಗಲಂತೂ ನನ್ನ ತೋಳು ಹಿಡಿದೆಳೆದರು. ಅದೇ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ, 2023ರಲ್ಲಿ ಒತ್ತುವರಿ ತೆರವು ಎಂದು ಜೆಸಿಬಿಗಳು ಮಾವಿನ ಮರ ಉರುಳಿಸಿದ ಮೇಲೆ, ಅದೇ ಕ್ಯಾಮೆರಾ ಕಂಡು ಬಾಗಿಲು ಹಾಕಿಕೊಂಡರು. ಮಂಡಿಗೂ ಆ ಹಳ್ಳಿಗಳಿಗೂ ಮಧ್ಯೆ ಅರ್ಧ ಗಂಟೆಯ ದಾರಿ.

ಈಗೀಗ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರಾದರೂ ಬಂದು ನಿಂತರೆ ಉತ್ತರ ಹೇಳುವ ಮೊದಲು ಪಕ್ಕಕ್ಕೆ ಸರಿದು, "ನೀವೇ ನೋಡಿ" ಅನ್ನುತ್ತೇನೆ. ಹೋದ ಚಳಿಗಾಲ ಒಂದು ಕೆರೆಯ ಏರಿಯ ಮೇಲೆ ಅಜ್ಜಿಯೊಬ್ಬರು ಬಂದರು, ಸೊಂಟದಲ್ಲಿ ಪುರಲೆ ಹೊರೆ. ಸರ್ವೆಯಾ ಅಂದರು, ಅಲ್ಲ ಅಂದೆ. ಹೊರೆ ಇಳಿಸಿ, ಕಣ್ಣು ಕಿರಿದು ಮಾಡಿ, ಒಂದು ಕೈಯಲ್ಲಿ ಲೆನ್ಸನ್ನು ಹಸುವಿನ ಕೊರಳು ಹಿಡಿದ ಹಾಗೆ ಹಿಡಿದುಕೊಂಡು ನೋಡಿದರು. ಆಚೆ ದಡದಲ್ಲಿ ಹೆಜ್ಜಾರ್ಲೆಗಳ ಹಿಂಡಿತ್ತು. ಅವರು ಅದನ್ನು ದಾಟಿ ಲೆನ್ಸು ತಿರುಗಿಸಿದರು, ಇನ್ನೂ ತಿರುಗಿಸಿದರು, ಒಂದು ಕಡೆ ನಿಲ್ಲಿಸಿದರು. ಬಹಳ ಹೊತ್ತು ಉಸಿರೇ ಇಲ್ಲ. ಚೆನ್ನಾಗಿದೆಯಾ ಅಮ್ಮ ಎಂದೆ.

"ಅಯ್ಯೋ ಇದರ ಮನೆ ಹಾಳಾಗ, ನಮ್ಮೆಮ್ಮೆ ಆಚೆಮನೆಯೋರ ರಾಗಿಗೆ ಇಳಿದದೆ!" ಎಂದವರೇ ಹೊರೆಯನ್ನು ನನ್ನ ಕಾಲ ಬುಡದಲ್ಲೇ ಬಿಟ್ಟು ಏರಿಯ ಮೇಲೆ ಓಡಿದರು. ಸೂರ್ಯ ನೆತ್ತಿಗೆ ಬರುವ ತನಕ ನಾನು ಪುರಲೆ ಕಾಯುತ್ತಾ ಕೂತಿದ್ದೆ.