ದುಡಿಯುವವನು ಕಸಬು ಕಲಿಯಲು ಏಕೆ ಬರುತ್ತಾನೆ?
(ಸೀತೂರಿನ ಸಭೆಯಲ್ಲಿ ಮಾಡಿದ ಭಾಷಣ)



ವಯಸ್ಸಾದ ಕೂಲಿಗಾರನಿಗೆ ಕಲಿಯುವ ಆಸೆಯಿಲ್ಲ ಎಂಬ ದೂರು ಕಛೇರಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಮೇಷ್ಟರ ಕೆಲಸದಲ್ಲಿದ್ದಾಗ ನಾವೂ ಹಾಗೆಯೇ ತಿಳಿದಿದ್ದೆವು. ರಾತ್ರಿ ತರಗತಿ ತೆರೆದೆವು. ಅಡಿಕೆ ಕೊಯ್ಲು ಶುರುವಾದ ವಾರವೇ ಬೆಂಚುಗಳು ಬರಿದಾದವು. ಸೋಮಾರಿಗಳೆಂದು ಬೈದೆವು. ಕೊಯ್ಲಿನ ದಿನಗಳಲ್ಲಿ ತರಗತಿ ಇಟ್ಟವರು ಯಾರು? ನಾವೇ.

ನಮ್ಮ ಸುತ್ತಿನ ಕೊನೆಗಾರನನ್ನೇ ನೋಡಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಔಷಧಿ ಹೊಡೆಯಲು ಜಾರುವ ಮರ ಹತ್ತುತ್ತಾನೆ. ಮಳೆ ನಿಂತ ಮೇಲೆ ಕೊನೆ ಇಳಿಸುತ್ತಾನೆ. ನಲವತ್ತು ದಾಟಿದರೆ ಮಂಡಿ ಮಾತು ಕೇಳುವುದಿಲ್ಲ. ಈಗ ನೆಲದ ಮೇಲೆ ನಿಂತೇ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಮಲೆನಾಡಿನ ತೋಟಗಳಿಗೆ ಬಂದಿದೆ. ಅದನ್ನು ಕಲಿಯಲು ಇವನು ಬರುವುದು ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕುವುದಕ್ಕಲ್ಲ. ಬಿದ್ದರೆ ಹೆಂಡತಿ ಮಕ್ಕಳ ಗತಿಯೇನು ಎಂಬ ಹೆದರಿಕೆ. ದೋಟಿ ಬಲ್ಲ ಇನ್ನೊಬ್ಬ ತನ್ನ ತೋಟಗಳನ್ನು ಹಿಡಿದಾನೆಂಬ ಹೆದರಿಕೆ. ಇನ್ನೂ ಹತ್ತು ವರ್ಷ ದುಡಿಯಬಹುದೆಂಬ ಆಸೆ. ಚಿಕ್ಕವರ ಮುಂದೆ ಕೈ ತಪ್ಪಿದರೆ ನಗುತ್ತಾರೆಂಬ ನಾಚಿಕೆ ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಜೊತೆಗೆ ಮರ ಹತ್ತಿದ ಗೆಳೆಯನೂ ಬಂದರೆ ಅದು ಅರ್ಧ ಇಳಿಯುತ್ತದೆ.

ಆದರೆ ಕಲಿಯುವ ದಿನವೂ ಮನೆಯಲ್ಲಿ ಒಲೆ ಉರಿಯಬೇಕಲ್ಲ! 1982ರಲ್ಲಿ ಘಟ್ಟದ ಕೆಳಗೆ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟು ಪುಕ್ಕಟೆಯಾಗಿ ಕಸಬು ಕಲಿಸಿತು. ಆ ಮಾದರಿಯನ್ನೇ ಸರಕಾರ ಮುಂದೆ ಜಿಲ್ಲೆ ಜಿಲ್ಲೆಗೂ ಒಯ್ದಿತು. ಕಲಿಯುವವನ ಊಟವಾಯಿತು, ಮನೆಯವರದು? 2023ರ ವಿಶ್ವಕರ್ಮ ಯೋಜನೆ ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ ಗೊತ್ತುಮಾಡಿತು. ಮರ ಹತ್ತುವವನ ದಿನಗೂಲಿಗೆ ಅದು ಸಾಲದು. ಆದರೂ ತಪ್ಪಿದ ಕೂಲಿಯ ಲೆಕ್ಕ ದಿಲ್ಲಿಗೂ ಹೊಳೆಯಿತೆನ್ನಿ. ಬಡಗಿ, ಕಮ್ಮಾರ, ಕ್ಷೌರಿಕ, ದರ್ಜಿ ಎಂದು 18 ಕಸಬುಗಳ ಪಟ್ಟಿ ಮಾಡಿದರು. ದೋಣಿ ಕಟ್ಟುವವನಿದ್ದಾನೆ, ಬೊಂಬೆ ಮಾಡುವವನಿದ್ದಾನೆ (ಅವರಿಗೆ ಸಿಗಲಿ, ಬೇಡವೆನ್ನುವವರು ನಾವಲ್ಲ). ಕೊನೆಗಾರನಿಲ್ಲ.

ಅಂಗಡಿಯವರೇ, ಇದು ನಮಗೇಕೆ ಎನ್ನಬೇಡಿ. ಕೊನೆಗಾರನ ಕೂಲಿ ಸಂಜೆಗೆ ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತದೆ. ಮಿಲ್ಲಿನವರೇ, ಹೊಸ ಯಂತ್ರ ಬಂದ ದಿನ ಸರದಿ ನಿಮ್ಮದು.

ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ: ತರಬೇತಿ ಕೊಯ್ಲು ಮುಗಿದ ಮೇಲೆ, ಇದೇ ಊರಿನ ತೋಟದಲ್ಲಿ ನಡೆಯಲಿ. ತಪ್ಪಿದ ಕೂಲಿಯನ್ನು ಪೂರಾ ಕೊಡಲಿ. ದೋಟಿ ತೋಟದ ಧಣಿಗಷ್ಟೇ ಅಲ್ಲ, ಕೊನೆಗಾರರ ಗುಂಪಿಗೂ ಸಿಗಲಿ. ಅರ್ಜಿಯ ಕಾಗದ ತಂದಿದ್ದೇವೆ. ರುಜು ಹಾಕುವವರು ಈಗಲೇ ಮುಂದೆ ಬನ್ನಿ.