ಬಿಚ್ಚಿಕೊಳ್ಳದ ಸ್ಕ್ರೂ ಏನು ಹೇಳುತ್ತೆ? ಹಳೇ ಕಾರಿನ ಬ್ರೇಕ್ ಕ್ಯಾಲಿಪರ್ ಬಗ್ಗೆ ಒಂದು ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ನಾನು ಅರಸೀಕೆರೆಯಲ್ಲಿ ಗ್ಯಾರೇಜ್ ಕೆಲಸ ಮಾಡೋನು. ಇವತ್ತು ಮಾತಾಡೋದು ಒಂದು ಸಣ್ಣ ಸ್ಕ್ರೂ ಬಗ್ಗೆ. ಕಿರುಬೆರಳಿನ ಅರ್ಧದಷ್ಟು ಉದ್ದ ಇರುತ್ತೆ, ಒಳಗೆ ಟೊಳ್ಳು. ಹೆಸರು ಬ್ಲೀಡರ್ ನಿಪ್ಪಲ್. ನಿಮ್ಮ ಮನೇಲಿ ಹಳೇ ಕಾರಿದ್ರೆ, ಅದರ ಮುಂದಿನ ಚಕ್ರದ ಹಿಂದೆ ಇದು ಇದ್ದೇ ಇದೆ. ತುಂಬಾ ಕಾರುಗಳಲ್ಲಿ ಇದನ್ನ ವರ್ಷಗಟ್ಟಲೆ ಯಾರೂ ಮುಟ್ಟಿರೋದಿಲ್ಲ.

ಮೊದಲು ಇದರ ಕೆಲಸ ಏನು ಅಂತ ನೋಡೋಣ. 1993ರಲ್ಲಿ ಬಂದ ಮಾರುತಿ ಝೆನ್, 1998ರಲ್ಲಿ ಬಂದ ಸ್ಯಾಂಟ್ರೋ, ಇಂಡಿಕಾ, ಇವುಗಳಿಗೆಲ್ಲ ಮುಂದೆ ಡಿಸ್ಕ್ ಬ್ರೇಕ್. ನೀವು ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಪೈಪಿನಲ್ಲಿ ಓಡಿ, ಕ್ಯಾಲಿಪರ್ ಒಳಗಿನ ಪಿಸ್ಟನ್ ತಳ್ಳುತ್ತೆ. ಪಿಸ್ಟನ್ ಬ್ರೇಕ್ ಪ್ಯಾಡ್ ತಳ್ಳುತ್ತೆ, ಪ್ಯಾಡ್ ಡಿಸ್ಕ್ ಹಿಡಿಯುತ್ತೆ. ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು 2 ಬಾರ್ ಇರುತ್ತೆ. ಜೋರಾಗಿ ಬ್ರೇಕ್ ಹೊಡೆದಾಗ ಆ ಸಣ್ಣ ಪೈಪಿನೊಳಗೆ 70ರಿಂದ 100 ಬಾರ್ ತನಕ ಹೋಗುತ್ತೆ. ಈ ಆಯಿಲ್ ಜೊತೆ ಗಾಳಿ ಸೇರಿದ್ರೆ ಪೆಡಲ್ ಸ್ಪಂಜ್ ಥರ ಆಗುತ್ತೆ. ಆ ಗಾಳಿ ತೆಗೆಯೋಕೆ, ಹಳೇ ಆಯಿಲ್ ಹೊರಗೆ ಬಿಡೋಕೆ ಇರೋ ಬಾಗಿಲೇ ಈ ನಿಪ್ಪಲ್.

ಅಂದ್ರೆ ನಿಪ್ಪಲ್ ಜಾಮ್ ಆಗಿದೆ ಅಂದ್ರೆ ಏನರ್ಥ? ತುಂಬಾ ವರ್ಷದಿಂದ ಅದನ್ನ ಯಾರೂ ತೆಗೆದಿಲ್ಲ. ತೆಗೆದಿಲ್ಲ ಅಂದ್ರೆ ಆ ಚಕ್ರದ ಆಯಿಲ್ ಬದಲಾಗಿಲ್ಲ. ಮೇಲೆ ಡಬ್ಬಿಯಲ್ಲಿ ಆಯಿಲ್ ಫಳಫಳ ಅಂತಿರಬಹುದು, ಕೆಳಗೆ ಕ್ಯಾಲಿಪರ್ ಹತ್ತಿರ ಕಾಫಿ ಡಿಕಾಕ್ಷನ್ ಥರ ಇರುತ್ತೆ. ನಾನು ಹಳೇ ಗಾಡಿ ನೋಡುವಾಗ ಮೊದಲು ಕೈ ಇಡೋದು ಇಲ್ಲಿಗೇ. ಮಾಲೀಕರು ಏನೇ ಹೇಳಲಿ, ಈ ಸ್ಕ್ರೂ ನಿಜ ಹೇಳಿಬಿಡುತ್ತೆ.

ಆಯಿಲ್ ಹಳೇದಾದ್ರೆ ಏನು ಮಹಾ ಅಂತೀರಾ? ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿರೋ ನೀರಿನಂಶ ಹೀರೋ ಗುಣ ಇದೆ. ಡಾಟ್ 3 ಅನ್ನೋ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಡಾಟ್ 4ಕ್ಕೆ 230, ನೀರು ಸೇರಿದಾಗ 155. ಈಗ ಲೆಕ್ಕ ಹಾಕಿ. ನಮ್ಮ ಕಡೆಯಿಂದ ಧರ್ಮಸ್ಥಳಕ್ಕೆ ಹೋಗೋರು ಹಳೇಬೀಡು, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳೀತಾರೆ. ತಿರುವು ತಿರುವಿಗೂ ಬ್ರೇಕ್. ಡಿಸ್ಕ್ ಕಾದು ಆಯಿಲ್ ಕುದ್ದರೆ ಪೈಪಿನೊಳಗೆ ಆವಿ ತುಂಬುತ್ತೆ. ಆಯಿಲ್ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಪೆಡಲ್ ಸೀದಾ ನೆಲಕ್ಕೆ ಹೋಗುತ್ತೆ. ಗಾಡಿ ನಿಲ್ಲಲ್ಲ.

ಒಂದು ಉದಾಹರಣೆ ಹೇಳ್ತೀನಿ. ಬೇಲೂರು ಕಡೆಯ ಒಬ್ಬ ಹುಡುಗ ತಾತನ ಕಾಲದ ಝೆನ್ ತಂದಿದ್ದ. ಬೇಲೂರು ಅಂದ್ರೆ ಯಗಚಿ ಹೊಳೆ ದಂಡೆ, ಮಲೆನಾಡಿನ ಬಾಗಿಲು. ಅರಸೀಕೆರೆ ಗಾಡಿಗೆ ಧೂಳು ಜಾಸ್ತಿ, ಆ ಕಡೆ ಗಾಡಿಗೆ ಮಳೆ, ಕೆಸರು ಜಾಸ್ತಿ. ಎರಡೂ ನಿಪ್ಪಲ್ ಮೇಲಿನ ರಬ್ಬರ್ ಟೊಪ್ಪಿ ಯಾವತ್ತೋ ಬಿದ್ದುಹೋಗಿತ್ತು. ಟೊಪ್ಪಿ ಇಲ್ಲದ ತೂತಿಗೆ ಕೆಸರು ನೀರು ಇಳಿದು ಥ್ರೆಡ್ ತನಕ ಹೋಗಿತ್ತು. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತೆ, ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತೆ. ಥ್ರೆಡ್ ಸಂದಿಯಲ್ಲಿ ಜಾಗ ಎಲ್ಲಿದೆ? ಬೆಣೆ ಹೊಡೆದ ಹಾಗೆ ಕಚ್ಚಿಕೊಳ್ಳುತ್ತೆ.

ಹುಡುಗ ಕೇಳಿದ: "ಅಣ್ಣ, ಭಾನುವಾರ ಅಜ್ಜೀನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ಬೇಕು. ಬರದೇ ಇರೋ ಕಡೆ ಲೈನ್ ಬ್ಲಾಕ್ ಮಾಡಿ ಕೊಡ್ತಾರಂತೆ, ಹೌದಾ?"

"ಮಾಡೋರು ಇದ್ದಾರೆ ಕಣಪ್ಪ. ನಾನು ಮಾಡಲ್ಲ" ಅಂದೆ.

ಈ ಲೈನ್ ಬ್ಲಾಕ್ ವಿಷಯ ನೀವೂ ಕೇಳಿರ್ತೀರಿ. ಒಂದು ಚಕ್ರದ ಪೈಪ್ ಮುಚ್ಚಿ, ಉಳಿದ ಮೂರರಲ್ಲಿ ಓಡಿಸೋದು. ಊರೊಳಗೆ ಮೆತ್ತಗೆ ಹೋದ್ರೆ ಗೊತ್ತೇ ಆಗಲ್ಲ. ಜೋರಾಗಿ ಬ್ರೇಕ್ ಹೊಡೆದ ದಿನ, ಬ್ರೇಕ್ ಇರೋ ಕಡೆಗೆ ಗಾಡಿ ಎಳೆದುಕೊಂಡು ಹೋಗುತ್ತೆ. ಘಾಟಿ ತಿರುವಲ್ಲಿ ಹಾಗಾದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಜಾಮ್ ಆದ ನಿಪ್ಪಲ್ ತೆಗೆಯೋದು ಹೇಗೆ? ಆ ಝೆನ್‌ಗೆ ಮಾಡಿದ ಕ್ರಮದಲ್ಲೇ ಹೇಳ್ತೀನಿ.

ಒಂದನೇದು, ಕ್ಯಾಲಿಪರ್ ಗಾಡಿಯಲ್ಲೇ ಇರಲಿ. ಬಿಚ್ಚಿ ಟೇಬಲ್ ಮೇಲೆ ಇಟ್ಕೊಂಡ್ರೆ ಸುಲಭ ಅನ್ನಿಸುತ್ತೆ, ಆದ್ರೆ ಗಾಡಿ ಹಿಡಿದಷ್ಟು ಗಟ್ಟಿಯಾಗಿ ವೈಸ್ ಕೂಡ ಹಿಡಿಯಲ್ಲ. ಬ್ರೇಕ್ ಹೋಸ್ ಬೋಲ್ಟನ್ನೂ ಈಗಲೇ ಒಂಚೂರು ಸಡಿಲ ಮಾಡಿ ಮತ್ತೆ ಬಿಗಿ ಮಾಡಿಡಿ. ಗಾಡಿಯನ್ನ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಜಾಕ್ ಮಾತ್ರ ನಂಬಿಯೋ, ಇಟ್ಟಿಗೆ ಕೊಟ್ಟೋ ಕೆಳಗೆ ಕೂರಬೇಡಿ. ಪ್ಯಾಡ್ ಧೂಳನ್ನ ಗಾಳಿ ಹೊಡೆದು ಊದಬೇಡಿ. ಹಳೇ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೇಲಿ ಒರೆಸಿ.

ಎರಡನೇದು, ತಂತಿ ಬ್ರಷ್‌ನಲ್ಲಿ ಬುಡ ಚೆನ್ನಾಗಿ ಉಜ್ಜಿ. ತುಕ್ಕು ಬಿಡಿಸೋ ಎಣ್ಣೆ ಬುಡಕ್ಕೆ ಬಿಟ್ಟು ಒಂದು ರಾತ್ರಿ ಬಿಡಿ. ಮಧ್ಯೆ ಮಧ್ಯೆ ಸಣ್ಣ ಸುತ್ತಿಗೇಲಿ ತಟ್ಟಿ. ಹೊಡೆಯೋದಲ್ಲ, ತಟ್ಟೋದು. ಆ ಅದುರಿಗೆ ತುಕ್ಕಿನ ಹಿಡಿತ ಬಿರುಕು ಬಿಡುತ್ತೆ, ಎಣ್ಣೆ ಒಳಗೆ ಇಳಿಯುತ್ತೆ.

ಮೂರನೇದು, ಸರಿಯಾದ ಸ್ಪ್ಯಾನರ್. ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದ್ದು, ತೆರೆದ ಬಾಯಿಯದ್ದು, ಇಕ್ಕಳ, ಇವೆಲ್ಲ ಸ್ಕ್ರೂ ತಲೆ ಸವೆಸಿ ಗುಂಡಗೆ ಮಾಡಿಬಿಡುತ್ತೆ. ಸ್ಕ್ರೂ ಟೊಳ್ಳಲ್ವಾ, ತಿರುಚಿದ್ರೆ ಪಟ್ ಅಂತ ಮುರಿಯುತ್ತೆ. ಅದಕ್ಕೆ ಒಂದು ಉಪಾಯ ಇದೆ. ಮಧ್ಯದ ತೂತಿಗೆ ಸರಿಯಾಗಿ ಕೂರೋ ಡ್ರಿಲ್ ಬಿಟ್‌ನ ನುಣುಪಾದ ತುದಿಯನ್ನ ಒಳಗೆ ಇಳಿಸಿ. ಸ್ಕ್ರೂ ಒಳಕ್ಕೆ ಕುಸಿಯಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡೋ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚೋ ಕಡೆಗೆ. ಹಿಂದೆ ಮುಂದೆ, ಹಿಂದೆ ಮುಂದೆ. ಉದ್ದನೇ ಪೈಪ್ ಹಾಕಿ ಎಳೆಯೋಕೆ ಹೋಗಬೇಡಿ. ಸ್ಪ್ಯಾನರ್ ಗಿಡ್ಡ ಇದ್ರೆ ಕೈಗೆ ಗೊತ್ತಾಗುತ್ತೆ, ಅದು ಬರ್ತಿದ್ಯಾ, ತಿರುಚಿಕೊಳ್ತಿದ್ಯಾ ಅಂತ.

ಝೆನ್‌ನಲ್ಲಿ ಇಷ್ಟಕ್ಕೆ ಎರಡೂ ಅಲ್ಲಾಡಲಿಲ್ಲ. ಹಾಗಾಗಿ ನಾಲ್ಕನೇ ದಾರಿ, ಬೆಂಕಿ. ಇಲ್ಲಿ ದಯವಿಟ್ಟು ಸ್ವಲ್ಪ ಗಮನ ಕೊಡಿ. ಕ್ಯಾಲಿಪರ್ ಗಾಡಿಯಲ್ಲಿರುವಾಗ, ಒಳಗೆ ಆಯಿಲ್ ಇರುವಾಗ ಬೆಂಕಿ ಹಿಡಿಯಲೇಬೇಡಿ. ಬ್ರೇಕ್ ಆಯಿಲ್ ಹತ್ತಿ ಉರಿಯುತ್ತೆ. ಮೊದಲು ಪಿಸ್ಟನ್ ಹೊರಗೆ ಬರಬೇಕು. ಅದನ್ನೂ ಗಾಡಿಯ ಪೆಡಲ್ ಒತ್ತಿಯೇ ನಿಧಾನಕ್ಕೆ ತಳ್ಳಿಸಿ. ಕಂಪ್ರೆಸರ್ ಗಾಳಿ ಬಿಟ್ರೆ ಪಿಸ್ಟನ್ ಗುಂಡಿನ ಥರ ಹಾರುತ್ತೆ, ಎದುರಿಗೆ ಬೆರಳಿದ್ರೆ ಬೆರಳು ಹೋಗುತ್ತೆ. ಆಮೇಲೆ ಕ್ಯಾಲಿಪರ್ ಬಿಚ್ಚಿ, ರಬ್ಬರ್ ಎಲ್ಲ ತೆಗೆದು, ಆಯಿಲ್ ಖಾಲಿ ಮಾಡಿ, ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ತಕ್ಷಣ ಬೆಂಕಿ ಅಥವಾ ವೆಲ್ಡಿಂಗ್ ಬೇಡವೇ ಬೇಡ. ಕೆಲವು ಸ್ಪ್ರೇಗಳಲ್ಲಿ ಕ್ಲೋರಿನ್ ಇರುತ್ತೆ, ಕಾದಾಗ ಫಾಸ್ಜೀನ್ ಅನ್ನೋ ಅನಿಲ ಹುಟ್ಟುತ್ತೆ. ಮೊದಲನೇ ಮಹಾಯುದ್ಧದಲ್ಲಿ ಸೈನಿಕರನ್ನ ಕೊಂದ ವಿಷ ಅದು.

ಇಷ್ಟಾದ ಮೇಲೆ ಗ್ಯಾಸ್ ಟಾರ್ಚ್‌ನಲ್ಲಿ ಸ್ಕ್ರೂ ಸುತ್ತಲಿನ ಕಬ್ಬಿಣ ಕಾಯಿಸಬೇಕು, ಸ್ಕ್ರೂ ಅಲ್ಲ. ಕೆಂಪಗಾಗೋ ತನಕ ಬೇಡ. ಬೆಂಕಿ ತೆಗೆದು ಮೇಣದ ಬತ್ತಿಯನ್ನ ಬುಡಕ್ಕೆ ಮುಟ್ಟಿಸಿ. ಕರಗಿದ ಮೇಣ ಥ್ರೆಡ್ ಒಳಗೆ ತಾನೇ ಇಳಿಯುತ್ತೆ. ಸ್ವಲ್ಪ ಆರಿದ ಮೇಲೆ ಹಿಂದೆ ಮುಂದೆ ಆಡಿಸಿ. ಎರಡು ಮೂರು ಸಲ ಹೀಗೆ ಮಾಡಬೇಕಾಗಬಹುದು. ಎಡಗಡೆಯದ್ದು ಎರಡನೇ ಸಲಕ್ಕೆ ಕಿರ್ ಅಂತ ಸದ್ದು ಮಾಡಿ ಬಂತು.

ಬಲಗಡೆಯದ್ದು ಬರಲಿಲ್ಲ. ಅದರ ತಲೆ ಮೊದಲೇ ಯಾರೋ ಸವೆಸಿದ್ದರು. ಅಂಥದ್ದಕ್ಕೆ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡ್ತೀವಿ. ವೆಲ್ಡಿಂಗ್ ಕಾವು ಸ್ಕ್ರೂ ಒಳಗೇ ಹೋಗುತ್ತೆ, ಸ್ಪ್ಯಾನರ್‌ಗೆ ಹೊಸ ತಲೆಯೂ ಸಿಗುತ್ತೆ. ಬುಡಕ್ಕೆ ಮುರಿದಿದ್ರೆ ಉಳಿಯೋದು ಡ್ರಿಲ್. ಮಧ್ಯದ ತೂತೇ ದಾರಿ ತೋರಿಸುತ್ತೆ, ಸಣ್ಣ ಬಿಟ್‌ನಿಂದ ದೊಡ್ಡದಕ್ಕೆ ಹೋಗಬೇಕು. ಇದನ್ನ ಕೈ ಡ್ರಿಲ್‌ನಲ್ಲಿ ಮಾಡೋದಕ್ಕಿಂತ ಲೇತ್ ಅಂಗಡಿಗೆ ಕೊಡಿ. ಬೇಲೂರು, ಹಳೇಬೀಡು ದೇವಸ್ಥಾನದಲ್ಲಿ ಉಂಗುರ ಉಂಗುರವಾಗಿ ಕಡೆದ ಬಳಪದ ಕಲ್ಲಿನ ಕಂಬ ನೋಡಿದ್ದೀರಲ್ಲ? ತಿರುಗಿಸಿ ಕಡೆಯೋ ಕೆಲಸದಲ್ಲಿ ನಡುಮಧ್ಯ ತಪ್ಪಿದ್ರೆ ಎಲ್ಲಾ ತಪ್ಪುತ್ತೆ. ಕಲ್ಲಿಗೂ ಅದೇ, ಕಬ್ಬಿಣಕ್ಕೂ ಅದೇ.

ನಟ್ ವೆಲ್ಡ್ ಮಾಡಿ ಬಲಗಡೆಯದ್ದೂ ಹೊರಗೆ ಬಂತು. ಟಾರ್ಚ್ ಬಿಟ್ಟು ಒಳಗೆ ನೋಡಿದ್ರೆ ತಳದಲ್ಲಿ ಗೀರು. ಇದಕ್ಕೂ ಮುಂಚೆ ಯಾರೋ ಓರೆಯಾಗಿ ಡ್ರಿಲ್ ಇಳಿಸಿದ್ದರು. ಇದು ಯಾಕೆ ಮುಖ್ಯ ಅಂದ್ರೆ, ನಿಪ್ಪಲ್‌ನಲ್ಲಿ ಆಯಿಲ್ ತಡೆಯೋದು ಥ್ರೆಡ್ ಅಲ್ಲ. ಸ್ಕ್ರೂನ ಚೂಪು ತುದಿ ತಳದ ಓರೆ ಸೀಟಿನ ಮೇಲೆ ಕೂತು ತಡೆಯೋದು. ಸೀಟು ಕೆಟ್ರೆ ಟೆಫ್ಲಾನ್ ಟೇಪ್ ಸುತ್ತಿ, ಎಂ-ಸೀಲ್ ಮೆತ್ತಿ ಏನೂ ಪ್ರಯೋಜನ ಇಲ್ಲ. 100 ಬಾರ್ ಒತ್ತಡದ ಮುಂದೆ ಟೇಪ್ ಏನು ಮಾಡುತ್ತೆ?

"ಇದು ಆಗಲ್ಲ, ಹೊಸ ಕ್ಯಾಲಿಪರ್ ತರಿಸು" ಅಂದೆ. ಹುಡುಗನ ಮುಖ ಸಣ್ಣಗಾಯ್ತು. ದುಡ್ಡಿನ ಕಷ್ಟ ನನಗೂ ಗೊತ್ತು. ಆದ್ರೂ ಹೇಳಲೇಬೇಕಾದ ಮಾತು ಅದು. ಆ ಭಾನುವಾರ ಅಜ್ಜಿ, ಮೊಮ್ಮಗ ಕೆಂಪು ಬಸ್ಸಲ್ಲೇ ಧರ್ಮಸ್ಥಳಕ್ಕೆ ಹೋದರು. ಕಾರು ಮುಂದಿನ ವಾರ ರೆಡಿಯಾಯ್ತು.

ನಿಮಗೂ ಇದೇ ಅಳತೆಗೋಲು. ಸೀಟಿನಲ್ಲಿ ಗೀರು, ಥ್ರೆಡ್ ಕಿತ್ತುಹೋಗಿರೋದು, ಸೀಲ್ ಕೂರೋ ಜಾಗದಲ್ಲಿ ತುಕ್ಕಿನ ಗುಳಿ, ಎಲ್ಲಾದ್ರೂ ಬಿರುಕು, ಈ ನಾಲ್ಕರಲ್ಲಿ ಒಂದಿದ್ರೂ ಕ್ಯಾಲಿಪರ್ ಗುಜರಿಗೆ. ಇಲ್ಲಾಂದ್ರೆ ರಿಪೇರಿ ಕಿಟ್ ಹಾಕಿ ಚೆನ್ನಾಗಿ ಓಡಿಸಬಹುದು.

ವಾಪಸ್ ಜೋಡಿಸುವಾಗ ಕೆಲವು ಮಾತು. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲಲ್ಲಿ ತೊಳೆಯೋ ಅಭ್ಯಾಸ ನಮ್ಮಲ್ಲಿದೆ. ಬ್ರೇಕ್ ರಬ್ಬರ್‌ಗೆ ಅದು ಆಗಲ್ಲ, ಊದಿಕೊಂಡು ಪಿಸ್ಟನ್ ಹಿಡಿದುಬಿಡುತ್ತೆ. ತುಕ್ಕಿನ ಎಣ್ಣೆ, ಮೇಣ ಎಲ್ಲ ಪೂರ್ತಿ ಹೋಗಿರಬೇಕು. ಕೊನೆಗೆ ಹೊಸ ಬ್ರೇಕ್ ಆಯಿಲಲ್ಲೇ ಒಳಗೆ ತೊಳೆಯಿರಿ. ಗೈಡ್ ಪಿನ್‌ಗೆ ಮಾಮೂಲಿ ಗ್ರೀಸ್ ಬೇಡ, ಸಿಲಿಕಾನ್ ಗ್ರೀಸ್ ಹಚ್ಚಿ. ಹೋಸ್ ಬೋಲ್ಟ್‌ನ ತಾಮ್ರದ ವಾಷರ್ ಹೊಸದು ಹಾಕಿ. ಎಡದ ಕ್ಯಾಲಿಪರ್ ಬಲಕ್ಕೆ ಹೋಗಬಾರದು. ನಿಪ್ಪಲ್ ಯಾವಾಗಲೂ ಮೇಲ್ಗಡೆ ಇರಬೇಕು. ಅದಲುಬದಲಾದ್ರೆ ನಿಪ್ಪಲ್ ಕೆಳಗೆ ಬರುತ್ತೆ, ಗಾಳಿ ಮೇಲೇ ಉಳಿಯುತ್ತೆ, ಎಷ್ಟು ಬ್ಲೀಡ್ ಮಾಡಿದ್ರೂ ಪೆಡಲ್ ಗಟ್ಟಿಯಾಗಲ್ಲ. ಹೊಸ ನಿಪ್ಪಲ್ ಬಿಗಿ ಮಾಡೋಕೆ ಹೆಚ್ಚು ಬಲ ಬೇಕಿಲ್ಲ, ಸುಮಾರು 10 ನ್ಯೂಟನ್ ಮೀಟರ್ ಆಸುಪಾಸು. ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ಕೊನೆಗೆ ಆ ರಬ್ಬರ್ ಟೊಪ್ಪಿ ಮರೀಬೇಡಿ.

ಇದನ್ನೆಲ್ಲ ಕೇಳಿ ನೀವೇ ಸ್ಪ್ಯಾನರ್ ಹಿಡೀಬೇಕು ಅಂತ ನಾನು ಹೇಳ್ತಿಲ್ಲ. ಬ್ರೇಕ್ ಕೆಲಸ ಗೊತ್ತಿಲ್ಲದೆ ಮಾಡಿ ರಸ್ತೆಗೆ ಇಳೀಬೇಡಿ. ಆದ್ರೆ ಗ್ಯಾರೇಜಲ್ಲಿ ನಿಂತು ಏನು ಕೇಳಬೇಕು ಅನ್ನೋದು ಗೊತ್ತಿರಲಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಆ ಕಾಗದಕ್ಕೋಸ್ಕರ ಪೇಂಟ್ ಹೊಡೆಸ್ತೀವಿ, ಪಾಲಿಶ್ ಮಾಡಿಸ್ತೀವಿ. ಅದರ ಜೊತೆ ಒಂದು ಪ್ರಶ್ನೆ ಕೇಳಿ: "ಅಣ್ಣ, ನಾಲ್ಕೂ ನಿಪ್ಪಲ್ ಬಿಚ್ಚಿಕೊಳ್ತಾ?" ಹೂಂ ಅಂದ್ರೆ ನಿಮ್ಮ ಮುಂದೆಯೇ ತೋರಿಸಲಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿದ್ರೆ ಆ ಸ್ಕ್ರೂ ಜಾಮ್ ಆಗೋಕೆ ಪುರುಸೊತ್ತೇ ಸಿಗಲ್ಲ.

ಘಾಟಿ ಇಳಿಯುವಾಗ ಹತ್ತುವ ಗೇರಲ್ಲೇ ಇಳೀರಿ, ಬರೀ ಬ್ರೇಕ್ ನಂಬಬೇಡಿ. ಇವತ್ತಿಗೆ ಇಷ್ಟು. ಮನೇಲಿ ಹಳೇ ಕಾರು ಓಡಿಸೋ ಅಪ್ಪ, ಚಿಕ್ಕಪ್ಪ, ಮಾವ ಇದ್ರೆ ಅವರಿಗೂ ಒಂದ್ಸಲ ಇದನ್ನ ಕೇಳಿಸಿ.